ಹುಲಗಮ್ಮನಿಗೆ ಸಿಗದ ಗುಳಿಗೆ

ಸರ್ಕಾರಿ ಆಸ್ಪತ್ರೆಗಳಿಗೆ ಔಷಧಿ ಹಂಚುವ ಮಾನ್ಯ ಅಧಿಕಾರಿಗಳೇ,

ನಿಮ್ಮ ಉಗ್ರಾಣದಲ್ಲಿ ಒಂದು ಗುಳಿಗೆ ಇಲ್ಲದ ಕಾರಣಕ್ಕೆ ನನ್ನ ತಂಗಿ ಹುಲಗಮ್ಮ ಮೂವತ್ತೊಂದನೇ ವಯಸ್ಸಿಗೇ ಗರ್ಭಕೋಶ ಕಳೆದುಕೊಂಡಳು. ಕೂಗಾಡುವ ಶಕ್ತಿ ನನ್ನಲ್ಲಿ ಉಳಿದಿಲ್ಲ, ನಡೆದದ್ದನ್ನಷ್ಟೇ ಹೇಳುತ್ತೇನೆ.

ತಳಕಲ್ಲು ಗ್ರಾಮದಲ್ಲಿ ಕೂಲಿಗೆ ಹೋಗುವ ಅವಳಿಗೆ ಕಳೆದ ವರ್ಷ ಮುಟ್ಟು ನಿಲ್ಲದೆ ಹರಿಯತೊಡಗಿತು. ಮೆಣಸಿನಕಾಯಿ ಬಿಡಿಸುತ್ತ ಹೊಲದಲ್ಲೇ ಕುಸಿದಳು. ಸರ್ಕಾರಿ ಆಸ್ಪತ್ರೆಯ ಡಾಕ್ಟರಮ್ಮ ಎಲ್ಲ ಪರೀಕ್ಷೆ ಮಾಡಿಸಿ, ಗಂಟಿಲ್ಲ, ಕ್ಯಾನ್ಸರಿಲ್ಲ ಎಂದು ಖಾತ್ರಿ ಮಾಡಿಕೊಂಡು, ನಮ್ಮನ್ನು ಕೂರಿಸಿಕೊಂಡು ವಿವರಿಸಿದರು. ಗರ್ಭಕೋಶದಲ್ಲಿ ಹಾರ್ಮೋನುಗಳ ಮಾತು ಕೇಳಿಸಿಕೊಳ್ಳುವ ಗ್ರಾಹಕಗಳಿವೆಯಂತೆ. ಈಸ್ಟ್ರೋಜನ್ ಎಂಬ ಹಾರ್ಮೋನು ಒಳಪದರವನ್ನು ಬೆಳೆಸುವುದಲ್ಲದೆ ಆ ಗ್ರಾಹಕಗಳನ್ನೂ ಹೆಚ್ಚಿಸುತ್ತದೆ. ಆಮೇಲೆ ಬರುವ ಪ್ರೊಜೆಸ್ಟರಾನ್ ಅವನ್ನು ತಗ್ಗಿಸಿ ಬೆಳವಣಿಗೆಗೆ ತಡೆ ಹಾಕುತ್ತದೆ. ತಂಗಿಯ ಮೈಯಲ್ಲಿ ಈ ಎರಡನೆಯದು ಸಾಕಷ್ಟು ಹುಟ್ಟುತ್ತಿರಲಿಲ್ಲ.

"ಗರ್ಭಚೀಲ ಛಲೋ ಐತಿ ತಂಗಿ. ಅದಕ್ಕ ಸಾಕು ಅನ್ನೋರು ಇಲ್ಲ, ಅಷ್ಟ. ಈ ಗುಳಿಗಿ ಆ ಕೆಲಸ ಮಾಡತಾವ," ಎಂದರು.

"ತೆಗಿಸೂದು ಬ್ಯಾಡೇನ್ರಿ?" ಎಂದು ಕೇಳಿದಳು ಹುಲಗಮ್ಮ.

"ಬ್ಯಾಡವಾ. ಬಿಡದಂಗ ನುಂಗು."

ನುಂಗಿದಳು. ರಕ್ತ ಹತೋಟಿಗೆ ಬಂತು, ಮತ್ತೆ ಹೊಲಕ್ಕೆ ಹೋದಳು. ಅಷ್ಟರಲ್ಲಿ ಡಾಕ್ಟರಮ್ಮನಿಗೆ ವರ್ಗವಾಯಿತು; ಅವರ ಕುರ್ಚಿಗೆ ಯಾರೂ ಬರಲಿಲ್ಲ. ಔಷಧಿ ಕಿಟಕಿಯಲ್ಲಿ "ಸ್ಟಾಕ್ ಇಲ್ರಿ" ಎಂದರು. ಹೊರಗಿನ ಅಂಗಡಿಯವನು ಹಳೆಯ ಚೀಟಿಗೆ ಕೊಡುವುದಿಲ್ಲವೆಂದ. ನಿಮ್ಮ ಕಚೇರಿಗೂ ಬಂದೆ. "ತುರ್ತು ಔಷಧಿಗಳಿಗೆ ಮೊದಲ ಆದ್ಯತೆ," ಎಂದಿರಿ. ಹೆಂಗಸಿನ ರಕ್ತ ಎಷ್ಟು ಹರಿದರೆ ತುರ್ತಾಗುತ್ತದೆ ಎಂದು ಕೇಳುವ ಮೊದಲೇ ನೀವು ಸಭೆಗೆ ಎದ್ದು ಹೋದಿರಿ. ಸಭೆ ಮಹಿಳಾ ಆರೋಗ್ಯದ ಕುರಿತಾಗಿತ್ತೆಂದು ಜವಾನ ಹೇಳಿದ.

ರಕ್ತಸ್ರಾವ ಮರುಕಳಿಸಿತು. ಹೆದರಿದ ಅವಳ ಅತ್ತೆ ಮಾರೆವ್ವ ಅವಳನ್ನು ಖಾಸಗಿ ನರ್ಸಿಂಗ್ ಹೋಮಿಗೆ ಒಯ್ದರು. "ಬಿಟ್ರ ಕ್ಯಾನ್ಸರ್ ಆಗತೈತಿ" ಎಂದರಂತೆ ಅಲ್ಲಿಯ ವೈದ್ಯರು. ನಾನು ತಲುಪುವಷ್ಟರಲ್ಲಿ ಗರ್ಭಕೋಶದೊಂದಿಗೆ ಅಂಡಾಶಯಗಳನ್ನೂ ತೆಗೆದಿದ್ದರು. ಈಗ ಅವಳಿಗೆ ಮೈಯೆಲ್ಲ ಉರಿ, ನಿದ್ದೆಯಿಲ್ಲ, ಬುಟ್ಟಿ ಎತ್ತಿದರೆ ಸೊಂಟ ಹಿಡಿಯುತ್ತದೆ.

ಮೊನ್ನೆ ಕೇಳಿದಳು: "ಅಕ್ಕಾ, ಚೀಲ ಛಲೋ ಇತ್ತಲ್ಲ, ಮತ್ಯಾಕ ತೆಗೆದ್ರು?"

ಆ ಗುಳಿಗೆ ತರಿಸಿ. ಖಾಲಿ ಕುರ್ಚಿಗೆ ವೈದ್ಯರನ್ನು ಕಳಿಸುವಂತೆ ನಿಮ್ಮ ಮೇಲಿನವರಿಗೆ ಬರೆಯಿರಿ. ಆಮೇಲೆ ಒಮ್ಮೆ ತಳಕಲ್ಲಿಗೆ ಬಂದು, ಅವಳೆದುರು ಕೂತು, ಅವಳ ಪ್ರಶ್ನೆಗೆ ಉತ್ತರ ನೀವೇ ಹೇಳಿ. ಯಾವ ಹೊತ್ತಿಗೆ ಬಂದರೂ ಸಿಗುತ್ತಾಳೆ. ಅವಳನ್ನು ಈಗ ಯಾರೂ ಕೂಲಿಗೆ ಕರೆಯುವುದಿಲ್ಲ.

ಇಂತಿ,
ನಿಮ್ಮ ಸಭೆ ಮುಗಿಯಲೆಂದು ಇನ್ನೂ ಕಾಯುತ್ತಿರುವ
ಲಲಿತಾ
ಹುಲಗಮ್ಮನ ಅಕ್ಕ