ಬಾಗಿಲಜ್ಜಿಯ ಮೂಗು

ಶುಕ್ರವಾರ, ಮಧ್ಯಾಹ್ನ

ನನ್ನ ಮುದ್ದು ಮಗಳಿಗೆ,

ಅಮ್ಮನ ತುಂಬು ಪ್ರೀತಿ. ದಿನಾ ಬೆಳಿಗ್ಗೆ ಫೋನಿನಲ್ಲಿ ಮಾತಾಡುವವಳು ಕಾಗದ ಯಾಕೆ ಬರೆದಳು ಎಂದು ಹುಬ್ಬು ಗಂಟಿಕ್ಕಬೇಡ. ವಾಸನೆ ಏನಾದರೂ ಇದೆಯಾ ಎಂದು ನೀನು ಕೇಳಿದ ಕೂಡಲೇ ನನ್ನ ಬಾಯಿ ತಾನಾಗಿಯೇ ಇಲ್ಲ ಎನ್ನುತ್ತದೆ. ನೀನು ಫೋನ್ ಇಟ್ಟೂ ಆಗಿರುತ್ತದೆ. ಎದುರಿಗೆ ಕೂತು ಹೇಳೋಣವೆಂದರೆ ನನ್ನನ್ನು ನಗಿಸಿ ಮಾತು ತೇಲಿಸಿಬಿಡುತ್ತೀಯ, ಥೇಟ್ ನಿನ್ನಪ್ಪನ ಬುದ್ಧಿ. ತುಂಬಾ ಸುಸ್ತಾಗಿದೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ.

ಪಕ್ಕದ ಮನೆಯ ಟೈಲರಮ್ಮನ ಪುಟ್ಟ ಮಗಳು ಆಸ್ಪತ್ರೆಯಿಂದ ಮನೆಗೆ ಬಂದಿದ್ದಾಳೆ. ಮಲಗಿಸಿದರೆ ಉಸಿರು ಸಿಕ್ಕಿಕೊಳ್ಳುತ್ತದೆಂದು ಬೆನ್ನಿಗೆ ದಿಂಬು ಕೊಟ್ಟು ಕೂರಿಸಿಯೇ ನಿದ್ದೆ ಮಾಡಿಸುತ್ತಿದ್ದಾರೆ. ನಿನ್ನ ಹತ್ತಿರ ನೆಗಡಿ ಎಂದಷ್ಟೇ ಹೇಳಿದ್ದೆ. ಅದು ನೆಗಡಿಯಲ್ಲ.

ಈ ಬೀದಿಯ ರೂಢಿ ನಿನಗೆ ಗೊತ್ತೇ ಇದೆ. ನಿಮ್ಮ ಕಾರ್ಖಾನೆಯ ಹಿಂಗೋಡೆಗೆ ಮೊದಲ ಮನೆ ನಮ್ಮದು, ಘಾಟು ಬಂದರೆ ಮೊದಲು ನನಗೆ ಬರಬೇಕು. ನಾನು ಬಾಗಿಲು ಹಾಕಿದರೆ ಸಾಲಿನವರೆಲ್ಲ ಪಟಪಟನೆ ಹಾಕಿಕೊಳ್ಳುತ್ತಾರೆ, ಮಕ್ಕಳನ್ನು ಒಳಗೆ ಕರೆಯುತ್ತಾರೆ. ನನ್ನ ಬಾಗಿಲು ತೆರೆದಿದ್ದರೆ ಯಾರಿಗೂ ಚಿಂತೆಯಿಲ್ಲ. ಅದಕ್ಕೇ ಬಾಗಿಲಜ್ಜಿ ಎಂದು ಹೆಸರಿಟ್ಟಿದ್ದಾರೆ, ಅದನ್ನು ಕೇಳಿ ನಾನು ಒಳಗೊಳಗೇ ಬೀಗುತ್ತಿದ್ದದ್ದೂ ನಿಜ. ಗೋಡೆಯ ಆ ಕಡೆ ಸೇಫ್ಟಿ ಆಫೀಸರ್ ಆದ ನೀನು ದಿನಾ ಸಂಜೆ ಹಳೆಯ ಪೈಪುಗಳ ಸಾಲಿನಲ್ಲಿ ಮೂಸಿಕೊಂಡೇ ಓಡಾಡುತ್ತೀಯ. ಅಮ್ಮನ ಮೂಗೇ ಬಂದಿದೆ ಎಂದು ಎಲ್ಲರ ಹತ್ತಿರ ಹೇಳಿಕೊಳ್ಳುತ್ತೀಯ.

ಮಂಗಳವಾರ ಸಂಜೆ ಬಾಗಿಲು ಹಾರುಹೊಡೆದು ಹೊಸ್ತಿಲ ಮೇಲೆ ಸೊಪ್ಪು ಬಿಡಿಸುತ್ತಾ ಕೂತಿದ್ದೆ. ಕಣ್ಣು ಚೂರು ಉರಿದದ್ದನ್ನು ವಯಸ್ಸಿನ ಲೆಕ್ಕಕ್ಕೆ ಹಾಕಿದೆ. ಟೈಲರಮ್ಮ ಎದ್ದು ಬಂದು ತನ್ನ ಬಾಗಿಲಲ್ಲಿ ನಿಂತಳು, ಮೂಗು ಅರಳಿಸಿದಳು, ನನ್ನ ಕಡೆ ನೋಡಿದಳು. ನಾನು ನಕ್ಕೆ. ಅವಳೂ ನಕ್ಕು ಮತ್ತೆ ಹೊಲಿಗೆ ಯಂತ್ರದ ಮುಂದೆ ಹೋಗಿ ಕೂತಳು. ಅವಳ ಮಗು ಹಿಂಗೋಡೆಯ ಪಕ್ಕದಲ್ಲಿ ಆಡಿಕೊಂಡಿತ್ತು. ದೀಪ ಹಾಕುವ ಹೊತ್ತಿಗೆ ಅದರ ಕಣ್ಣು ಕೆಂಪಗಾಗಿ, ಎದೆ ಸುಯ್ ಸುಯ್ ಎನ್ನುತ್ತಿತ್ತು.

ಆಸ್ಪತ್ರೆಯ ಬೆಂಚಿನ ಮೇಲೆ ಟೈಲರಮ್ಮ ನನ್ನ ಕೈ ಹಿಡಿದುಕೊಂಡೇ ಹೇಳಿದಳು: “ನಂಗೂ ಏನೋ ಘಾಟು ಬಂತು ಅಜ್ಜಿ. ನೀವು ಬಾಗಿಲು ತೆಗೆದಿಟ್ಟು ಕೂತಿದ್ರಲ್ಲ, ನನಗೇ ಭ್ರಮೆ ಅಂದ್ಕೊಂಡೆ.” ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು.

ಮನೆಗೆ ಬಂದು ಡಬ್ಬಗಳನ್ನೆಲ್ಲ ತೆರೆದು ಮೂಸಿದೆ. ಕಾಫಿ ಪುಡಿ, ಬೆಳ್ಳುಳ್ಳಿ, ಸೀಮೆಎಣ್ಣೆ, ಯಾವುದೂ ಇಲ್ಲ. ಎಲ್ಲ ನೀರಿನ ಹಾಗೆ. ಕೊನೆಗೆ ನಿನ್ನಪ್ಪನ ಹಳೆಯ ಕೋಟಿನ ಕಾಲರಿಗೆ ಮುಖ ಒತ್ತಿಕೊಂಡೆ. ಅಲ್ಲೂ ಅವರಿರಲಿಲ್ಲ. ಕೂತು ಅತ್ತುಬಿಟ್ಟೆ. ಕಣ್ಣು ಹೋದರೆ ಕತ್ತಲಾದರೂ ಆಗುತ್ತದೆ, ಈ ಮೂಗು ಹೇಳದೆ ಕೇಳದೆ ಹೊರಟುಹೋಗಿದೆ.

ಮರುದಿನ ಬೆಳಿಗ್ಗೆ ನೀನು ಫೋನ್ ಮಾಡಿದೆ. ಹಿಂದಿನ ಸಂಜೆ ಒಂದು ಪೈಪಿನ ಜಾಯಿಂಟು ಸಡಿಲವಾಗಿತ್ತು, ಬಿಗಿ ಮಾಡಿಸಿದ್ದಾಯಿತು, ಬೀದಿಗೇನಾದರೂ ಬಂತಾ ಎಂದು ಕೇಳಿದೆ. ಎಲ್ಲ ಗೊತ್ತಿದ್ದೂ ಇಲ್ಲ ಎಂದೆ. ಸದ್ಯ ಎಂದು ನೀನು ಉಸಿರು ಬಿಟ್ಟದ್ದು ಕೇಳಿಸಿತು. ಆಮೇಲೆ ನಿಜ ಹೇಳಲು ನಾಲಿಗೆ ಏಳಲಿಲ್ಲ.

ಸೋಮವಾರದ ಮೀಟಿಂಗಿನಲ್ಲಿ ಬೀದಿಗೆ ಅನಿಲ ಅಳೆಯುವ ಯಂತ್ರ, ಸೈರನ್ ಬೇಕೋ ಬೇಡವೋ ಎಂದು ತೀರ್ಮಾನವಂತಲ್ಲ. ದೂರೇ ಇಲ್ಲದ ಬೀದಿಗೆ ಅದೆಲ್ಲ ಯಾಕೆ ಎನ್ನುವುದು ನಿಮ್ಮ ಮ್ಯಾನೇಜರರ ವಾದವೆಂದೂ, ನೀನೂ ಹೂಂ ಎನ್ನಬೇಕಾದೀತೆಂದೂ ನೀನೇ ಹೇಳಿದ್ದೆ. ಹೂಂ ಎನ್ನಬೇಡ. ದೂರಿಲ್ಲ ಎಂದು ಇಷ್ಟು ದಿನ ಹೇಳಿದ್ದು ನನ್ನ ಸತ್ತ ಮೂಗು, ಅದನ್ನು ಎಲ್ಲರೆದುರೇ ಹೇಳು. ಮಗುವಿನ ವಿಷಯವನ್ನೂ ಹೇಳು. ಹೆತ್ತವಳ ಮಾತು ನಂಬಿಕೊಂಡು ಕೆಲಸ ಮಾಡುತ್ತಿದ್ದೆಯಾ ಎಂದು ಹಂಗಿಸಿಯಾರು, ನಿನ್ನ ಕೆಲಸಕ್ಕೇ ಕುತ್ತು ಬಂದೀತು. ನನಗೂ ಭಯವಿದೆ. ಆದರೂ ಹೇಳು.

ಟೈಲರಮ್ಮನಿಗೆ ಇವತ್ತು ಸಂಜೆ ನಾನೇ ಹೋಗಿ ಹೇಳುತ್ತೇನೆ. ಅಲ್ಲಿಯವರೆಗೆ ಇರಲಿ ಎಂದು ಬೆಳಿಗ್ಗೆಯಿಂದ ಬಾಗಿಲು ಹಾಕಿಕೊಂಡು ಕೂತಿದ್ದೇನೆ. ಯಾಕೆ ಏನು ಎಂದು ಒಬ್ಬರೂ ಕೇಳಿಲ್ಲ. ಇಡೀ ಬೀದಿ ಬಾಗಿಲು ಹಾಕಿಕೊಂಡು ಸೆಕೆಯಲ್ಲಿ ಬೇಯುತ್ತಿದೆ, ಪಾಪ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ಇಂತಿ,
ನಿನ್ನ ಅಮ್ಮ

ತಾ.ಕ.: ಹೋದ ಭಾನುವಾರ ನೀನು ಬಂದಿದ್ದಾಗ ಒಲೆ ಮೇಲೆ ಹಾಲಿಟ್ಟು, ಅದಕ್ಕೆ ಬೆನ್ನು ಹಾಕಿ ಮಾತಿಗೆ ಕೂತೆವು. ಹಾಲು ಉಕ್ಕಿ, ಬತ್ತಿ, ತಳ ಹತ್ತಿ, ಪಾತ್ರೆ ಕರಕಲಾಯಿತು. ಟೈಲರಮ್ಮ ಮೂಗು ಮುಚ್ಚಿಕೊಂಡು ಆ ಮನೆಯಿಂದ ಓಡಿಬಂದು ಒಲೆ ಆರಿಸಿದಳು. ಮಾತಿನ ಭರದಲ್ಲಿ ಗೊತ್ತಾಗಲಿಲ್ಲ ಎಂದು ನಾವಿಬ್ಬರೂ ನಕ್ಕೆವು. ಒಲೆಗೆ ಹತ್ತಿರ ಕೂತಿದ್ದವಳು ನೀನು. ಈ ಕಾಗದ ಕೆಳಗಿಟ್ಟು, ಕಾಫಿ ಪುಡಿಯ ಡಬ್ಬ ತೆರೆದು ಮೂಸಿ ನೋಡು ಮಗಳೇ.