ಲತೀಶ್ ತಂದ ಖಾಲಿ ಸ್ಟ್ರಿಪ್ಪುಗಳು

ಡೊಂಬಿವಲಿ ಪೂರ್ವ
೨೧ ಆಗಸ್ಟ್ ೨೦೧೧, ಭಾನುವಾರ

ಪ್ರೀತಿಯ ದಿಶಾ,

ನೀನೂ ಮಗುವೂ ಸೌಖ್ಯವೆಂದು ನಂಬುತ್ತೇನೆ ಎಂದು ಬರೆಯಲು ಕೈ ಬರುತ್ತಿಲ್ಲ. ಸೌಖ್ಯವಾಗಿರಲಿ ಎಂದು ಬೇಡಿಕೊಳ್ಳುತ್ತೇನೆ, ಅಷ್ಟೆ. ನಿನ್ನ ಕಾಗದ ಬಂದು ಮೂರು ತಿಂಗಳಾಯಿತು. ಮೊಣಕಾಲು ನೋವು, ಮಳೆ, ಪೋಲಿಯೋ ಡ್ಯೂಟಿ ಎಂದು ಏನೇನೋ ನೆಪ ಹೇಳಬಹುದು. ನಿಜ ಹೇಳಬೇಕೆಂದರೆ ಹೆದರಿಕೆ, ಮಗಾ. ಫೋನು ಮಾಡಿದರೆ ನಿನ್ನ ಅತ್ತೆಯೇ ಎತ್ತುತ್ತಾರೆ. ಅವರಿಗೆ ಓದು ಬಾರದು, ನಿನ್ನ ಗಂಡ ಶೈಲೇಶನಿಗೆ ಮರಾಠಿ ಬಿಟ್ಟರೆ ಬೇರೆ ಅಕ್ಷರ ಗೊತ್ತಿಲ್ಲ. ಊರ ಶಾಲೆಯಲ್ಲಿ ಕಲಿತ ಕನ್ನಡ ನಿನಗೆ ಮರೆತಿಲ್ಲವಲ್ಲ, ಅದೇ ನನ್ನ ಪುಣ್ಯ. ಇದನ್ನು ಒಬ್ಬಳೇ ಕೂತು ಓದು.

ಇಲ್ಲಿ ಎಲ್ಲ ಹಾಗೆಯೇ ಇದೆ. ನೀರು ಬೆಳಿಗ್ಗೆ ಅರ್ಧ ಗಂಟೆ ಬರುತ್ತದೆ. ಚಾಳಿನಲ್ಲಿ ನೀವು ಅಣ್ಣ ತಂಗಿ ಇದ್ದ ಖೋಲಿಗೆ ಅಂಬರನಾಥದಿಂದ ಯಾರೋ ಬಂದಿದ್ದಾರೆ. ನಾಳೆ ಅಷ್ಟಮಿಯ ದಹಿಹಂಡಿಗೆಂದು ಹುಡುಗರು ಸ್ಪೀಕರ್ ಕಟ್ಟುತ್ತಿದ್ದಾರೆ, ತಲೆ ಚಿಟ್ಟು ಹಿಡಿಯುತ್ತಿದೆ.

ನೀನು ಕೇಳಿದ್ದೆ: "ಚಿಕ್ಕಮ್ಮ, ಅಣ್ಣ ಆರು ತಿಂಗಳೂ ನಿಮ್ಮ ಕೈಯಿಂದಲೇ ಮಾತ್ರೆ ತಗೊಂಡ. ಮತ್ತೆ ಯಾಕೆ ಸತ್ತ? ಸರಕಾರದ ಔಷಧಿ ಡುಪ್ಲಿಕೇಟ್ ಅಂತ ಇಲ್ಲಿ ಹೇಳ್ತಾರೆ, ಹೌದಾ?"

ಔಷಧಿ ಡುಪ್ಲಿಕೇಟ್ ಅಲ್ಲ. ಒಂಬತ್ತು ವರ್ಷದಿಂದ ಸರಕಾರಿ ದವಾಖಾನೆಯ ಪರವಾಗಿ ನನ್ನ ಅಡುಗೆಮನೆಯಲ್ಲಿ ಟಿಬಿ ಮಾತ್ರೆ ಕೊಡುತ್ತಿದ್ದೇನೆ, ಎಷ್ಟೋ ಜನ ಎದ್ದು ಓಡಾಡುತ್ತಿದ್ದಾರೆ. ದವಾಖಾನೆಯವರು ಪ್ರತಿ ರೋಗಿಯ ಹೆಸರು ಬರೆದು ಒಂದು ಪೆಟ್ಟಿಗೆ ಕೊಡುತ್ತಾರೆ. ಅದರಲ್ಲಿ ಆರು ತಿಂಗಳ ಮಾತ್ರೆ, ಒಂದು ಪೈಸೆ ಖರ್ಚಿಲ್ಲ. ನಿನ್ನ ಅಣ್ಣ ಲತೀಶನ ಪೆಟ್ಟಿಗೆಯನ್ನು ಅಕ್ಕಿ ಡಬ್ಬಿಯ ಮೇಲೆ ಇಟ್ಟಿದ್ದೆ. ಮೊದಲ ಎರಡು ತಿಂಗಳು ದಿನ ಬಿಟ್ಟು ದಿನ ಬಂದು ನನ್ನೆದುರೇ ನುಂಗಿದ. ನಾನು ಬಾಯಿ ತೆರೆಸಿ ನಾಲಗೆಯಡಿ ನೋಡುತ್ತಿದ್ದೆ. "ಎಂಥ ಚಿಕ್ಕಮ್ಮ, ಪೊಲೀಸರೂ ಇಷ್ಟು ಹುಡುಕುದಿಲ್ಲ" ಎಂದು ನಗುತ್ತಿದ್ದ.

ಕೆಮ್ಮು ನಿಂತಿತು, ಮೈ ತುಂಬಿತು, ಕಫದ ವರದಿಯೂ ಚೊಕ್ಕವಾಗಿ ಬಂತು. ಅಷ್ಟರಲ್ಲಿ ಕಲ್ಯಾಣದ ಹೋಟೆಲಿನಲ್ಲಿ ಅವನಿಗೆ ಬೆಳಗಿನ ಪಾಳಿ ಹಾಕಿದರು. ನಮ್ಮೂರ ಹುಡುಗ, ಅಪ್ಪ ಅಮ್ಮ ಇಲ್ಲದ ತಂಗಿಯನ್ನು ಸಾಕಿದವನು, ಸುಳ್ಳು ಹೇಳುವವನಲ್ಲ ಎಂದು ವಾರದ ಮಾತ್ರೆ ಒಟ್ಟಿಗೇ ಕೊಡತೊಡಗಿದೆ. ಖಾಲಿ ಸ್ಟ್ರಿಪ್ ತಂದು ತೋರಿಸಬೇಕು, ಅಷ್ಟೆ. ಒಂದು ವಾರವೂ ತಪ್ಪಿಸಲಿಲ್ಲ. ರಬ್ಬರ್ ಬ್ಯಾಂಡ್ ಹಾಕಿ ತಂದು ಕೊಡುತ್ತಿದ್ದ, ನಾನು ಕಾರ್ಡಿನಲ್ಲಿ ಗುರುತು ಹಾಕುತ್ತಿದ್ದೆ. ಆ ಮಾತ್ರೆ ತಿಂದರೆ ಮೂತ್ರ ಕೆಂಪಾಗುತ್ತದೆ. "ಕೆಂಪಾಗ್ತದಾ?" ಎಂದು ಕೇಳಿದರೆ "ಆಗ್ತದೆ ಚಿಕ್ಕಮ್ಮ" ಎನ್ನುತ್ತಿದ್ದ. ಯಾರದು ಎಂದು ಕೇಳಬೇಕೆಂದು ನನಗೆ ಹೊಳೆಯಲಿಲ್ಲ.

ಅವನ ಉತ್ತರಕ್ರಿಯೆ ಮುಗಿದ ಮೇಲೆ ಹೋಟೆಲಿನ ಭಟ್ಟಿಯವನು ಮಾಪಣ್ಣ ಅವನ ಟ್ರಂಕು ತಂದುಕೊಟ್ಟ. ಚಾ ಕುಡಿಯುತ್ತಾ ಹೇಳಿದ: "ಅಕ್ಕಾರ, ಆಮ್ಯಾಲಿನ ಗುಳಿಗಿ ಅಂವ ಎಲ್ಲಿ ತಿಂದ? ನನ್ನ ಕೆಮ್ಮು ನಿಂತೈತಿ, ತಂಗಿಗರೆ ಆಗ್ಲಿ ಅಂತ ಕಾಗದದಾಗ ಕಟ್ಟಿ ಮನಿಗೆ ಒಯ್ತಿದ್ದ."

ದಿಶಾ, ನೆನಪಿದೆಯಾ? ಮದುವೆಗೆ ಮುಂಚೆ ನಾಲ್ಕು ತಿಂಗಳು ಅವನು ನಿನಗೆ ಶಕ್ತಿ ಮಾತ್ರೆ ಕೊಡುತ್ತಿದ್ದನಲ್ಲ. ಕೆಂಪು ಕಂಡು ನೀನು ಹೆದರಿ ಅತ್ತದ್ದನ್ನೂ, ಬೀಟ್‌ರೂಟ್ ತಿಂದದ್ದಕ್ಕೆ ಎಂದು ನಿನ್ನನ್ನು ನಗಿಸಿದ್ದನ್ನೂ ಮಾಪಣ್ಣನಿಗೆ ಹೇಳಿಕೊಂಡಿದ್ದನಂತೆ. ಕೆಮ್ಮು ನಿಂತರೂ ಒಳಗೆ ರೋಗ ಉಳಿದಿರುತ್ತದೆ. ಅರ್ಧಕ್ಕೆ ಬಿಟ್ಟರೆ ಮತ್ತೆ ಏಳುತ್ತದೆ, ಆಗ ಅದೇ ಮಾತ್ರೆ ತಾಗುವುದಿಲ್ಲ. ಅವನಿಗೆ ಹಾಗೆಯೇ ಆಯಿತು. ಬೇರೆ ಔಷಧಿ ಬೇಕೆಂಬ ದೊಡ್ಡ ಲ್ಯಾಬಿನ ವರದಿ ಬಂದದ್ದು ಅವನು ಸತ್ತ ಮೂರನೆಯ ದಿನ.

ಇದನ್ನೆಲ್ಲ ನನ್ನ ಎದೆಯಲ್ಲೇ ಇಟ್ಟುಕೊಂಡು ಸಾಯಬಹುದಿತ್ತು. ಆದರೆ ನಿನ್ನ ಕಾಗದದ ಕೊನೆಯಲ್ಲಿ "ಸಂಜೆ ಸ್ವಲ್ಪ ಜ್ವರ ಬರ್ತದೆ, ಬಾಣಂತನದ್ದಿರಬೇಕು" ಎಂದು ಬರೆದಿದ್ದೀಯ. ಮಗುವಿಗೆ ವರ್ಷವಾಯಿತು, ಇನ್ನೆಂಥ ಬಾಣಂತನ! ಆ ಸಾಲು ಓದಿಯೂ ಮೂರು ತಿಂಗಳು ಸುಮ್ಮನೆ ಕೂತೆ, ನನ್ನ ತಲೆಗೆ ಮಣ್ಣು ಹಾಕ. ನಾಳೆಯೇ ಕಳಂಬೋಲಿಯ ಸರಕಾರಿ ದವಾಖಾನೆಗೆ ಹೋಗು. ಕಫ ಕೊಡು, ಮಗುವನ್ನೂ ತೋರಿಸು. ಎರಡು ವರ್ಷದ ಹಿಂದೆ ಈ ಮಾತ್ರೆ ತಿಂದು ಮಧ್ಯದಲ್ಲಿ ನಿಂತಿತು ಎಂದು ಡಾಕ್ಟರಿಗೆ ಮುಚ್ಚುಮರೆಯಿಲ್ಲದೆ ಹೇಳು. ಶೈಲೇಶನಿಗೂ ಹೇಳು. ಅತ್ತೆ ಏನಾದರೂ ಎಂದರೆ ಮಗುವನ್ನು ಎತ್ತಿಕೊಂಡು ನನ್ನಲ್ಲಿಗೆ ಬಾ. ಒಂದೇ ಖೋಲಿಯಾದರೂ ಬಾಗಿಲಿದೆ, ಎರಡು ಹೊತ್ತು ಗಂಜಿಯಿದೆ.

ನೀನು ನೂರು ಕಾಲ ಬದುಕಬೇಕು. ಮಗುವಿನ ಮದುವೆ ನೋಡಬೇಕು. ಬೈಯುವುದಾದರೆ ಎದುರಿಗೇ ಬಂದು ಬೈ, ನಾನು ಕೇಳುತ್ತೇನೆ.

ನಿನ್ನ
ಜಲಜಾಕ್ಷಿ ಚಿಕ್ಕಮ್ಮ

ತಾ.ಕ.: ಮಾಪಣ್ಣನಿಗೂ ಗೊತ್ತಿಲ್ಲದ್ದು ಒಂದಿದೆ. ನಿನ್ನ ಮದುವೆಗೆ ಮುಂಚಿನ ಜನವರಿಯಲ್ಲಿ ಲತೀಶ್ ನನ್ನ ಬಾಗಿಲಲ್ಲಿ ನಿಂತು ಕೇಳಿದ್ದ: "ಚಿಕ್ಕಮ್ಮ, ದಿಶಾಳಿಗೂ ಕೆಮ್ಮು ಬಿಡುದಿಲ್ಲ. ಅವಳನ್ನೂ ದವಾಖಾನೆಗೆ ಕರ್ಕೊಂಡು ಹೋಗ್ಲಾ? ಅವಳ ಹೆಸರಿಗೂ ಒಂದು ಪೆಟ್ಟಿಗೆ ಸಿಗ್ತದಲ್ಲಾ?" ನಿನ್ನ ಸಂಬಂಧ ಕುದುರಿಸಿದವಳು ನಾನು. ಹೆಸರು ಬರೆಸಿದರೆ ದವಾಖಾನೆಯವರು ಮನೆ ನೋಡಲು ಬರುತ್ತಾರೆ, ಚಾಳೆಲ್ಲ ಗೊತ್ತಾಗುತ್ತದೆ, ಕಳಂಬೋಲಿಯ ಗಂಡಿನವರಿಗೆ ಸುದ್ದಿ ಮುಟ್ಟುತ್ತದೆ. "ಈಗ ಬೇಡ ಮಾರಾಯ, ಮದುವೆಯೊಂದು ಆಗಲಿ" ಎಂದೆ. ಕಾಯಿಲೆ ಮುಚ್ಚಿಡಬೇಡಿ ಎಂದು ಅದೇ ಸಂಜೆ ಚಾಳಿನ ಹೆಂಗಸರಿಗೆ ಭಾಷಣವನ್ನೂ ಮಾಡಿದೆ. ಅವನು ತನ್ನ ವಾರದ ಮಾತ್ರೆ ಎಣಿಸಿಕೊಂಡು ಹೋದ. ನಾನು ತರಿಸಿಕೊಡದ ಪೆಟ್ಟಿಗೆಯ ಬದಲು ಅವನು ನಿನಗೆ ತನ್ನ ಪೆಟ್ಟಿಗೆಯ ಮಾತ್ರೆಯನ್ನೇ ಕೊಟ್ಟ, ದಿಶಾ.