ಗುರುವಾರ ಮಾತ್ರ ತುಂಬುವ ಬ್ಯಾಟರಿ

೩ ಏಪ್ರಿಲ್ ೨೦೦೬, ಸೋಮವಾರ

ಬೆಳಿಗ್ಗೆ ಸೋಲಾರ್ ಬ್ಯಾಟರಿಯ ನೀರು ನೋಡಿದೆ. ಸರಿಯಾಗಿದೆ. ಟರ್ಮಿನಲ್ ಮೇಲೆ ಬಿಳಿ ಹಿಟ್ಟು ಕಟ್ಟಿತ್ತು... ಸೋಡಾ ಹಾಕಿದ ಬಿಸಿನೀರಲ್ಲಿ ತೊಳೆದು, ಒರೆಸಿ, ವ್ಯಾಸಲೀನ್ ಬಳಿದೆ. ಅಷ್ಟರಲ್ಲಿ ಹಾಲು ಉಕ್ಕಿತು. ಬಸ್ಸೂ ತಪ್ಪಿತು.

ಸಂಜೆ ಲೋಡ್ ಶೆಡ್ಡಿಂಗ್. ಮೆಟ್ಟಿಲ ಬಲ್ಬುಗಳೆಲ್ಲ ಸೋಲಾರ್ ಮೇಲೆ ಹತ್ತಿದವು. ಅರ್ಧ ತಾಸು ಅಷ್ಟೇ. ಆಮೇಲೆ ಕೆಂಪು ದೀಪ, ಕುಂಯ್ ಅಂತ ಶಬ್ದ, ಕತ್ತಲು. ಥೂ!

ಚೇರ್ಮನ್ ಪ್ರಲ್ಹಾದರಾವ್ ಟಾರ್ಚ್ ಹಿಡಿದು ಬಂದರು. ಕಳೆದ ದೀಪಾವಳಿಯಲ್ಲಿ ಅವರ ತಾಯಿ ಕೃಷ್ಣಾಬಾಯಿ ಇದೇ ಮೆಟ್ಟಿಲ ಮೇಲೆ ಕತ್ತಲಲ್ಲಿ ಜಾರಿಬಿದ್ದಿದ್ದರು. ಅದಕ್ಕೇ ಸೊಸೈಟಿ ನನ್ನ ಸೋಲಾರ್ ಪ್ಯಾನೆಲ್ ಇಡಲು ಟೆರೇಸ್ ಕೊಟ್ಟದ್ದು. ಷರತ್ತು ಒಂದೇ: ಕರೆಂಟ್ ಹೋದಾಗ ಮೆಟ್ಟಿಲ ದೀಪ ಉರಿಯಬೇಕು. ಎರಡು ತಿಂಗಳು ಉರಿಯಿತು. ಈಗ ಏನೋ ರೋಗ.

"ಹೇ ಬಾಯಕಾಂಚಂ ಕಾಮ ನಾಹೀ," ಅಂದರು ಮರಾಠಿಯಲ್ಲಿ. ಹೆಂಗಸರ ಕೆಲಸ ಅಲ್ಲವಂತೆ! ನಾನು ಫ್ಯಾಕ್ಟರಿಯಲ್ಲಿ ಸ್ಟೋರ್ಸ್ ನೋಡಿಕೊಳ್ಳುವವಳು. ಇವರು ಫ್ಯೂಸ್ ಹಾಕಲೂ ವಾಚ್‌ಮನ್‌ನನ್ನು ಕರೆಯುವವರು.

೪ ಏಪ್ರಿಲ್, ಮಂಗಳವಾರ

ನೋಟಿಸ್ ಬೋರ್ಡಿನಲ್ಲಿ ಬಂದೇಬಿಟ್ಟಿದೆ. ಹದಿನಾರಕ್ಕೆ ಮೀಟಿಂಗ್. ಅಷ್ಟರೊಳಗೆ ಸೋಲಾರ್ ಸರಿಯಾಗದಿದ್ದರೆ ಪ್ಯಾನೆಲ್ ಇಳಿಸಬೇಕು. ಒಮ್ಮೆ ಇಳಿಸಿದರೆ ಮತ್ತೆ ಹತ್ತಿಸಲು ಬಿಡುತ್ತಾರೆಯೇ? ಈ ಜನ್ಮದಲ್ಲಿಲ್ಲ.

ಶಿರೂರಿನಿಂದ ನಮ್ಮ ಯಜಮಾನರ ಫೋನು. ಬ್ಯಾಂಕಿನವರು ಅಲ್ಲಿಗೆ ವರ್ಗ ಮಾಡಿದ್ದಾರೆ, ಇವರು ಅಲ್ಲಿ ಆರಾಮ.

"ಬಿಡ ರೇಣು, ಒಂದು ಇನ್ವರ್ಟರ್ ತಗೊಂಡ್ರಾತು. ಯಾಕ ಜಗಳಾ?"

"ನೀವು ಬಿಡ್ರಿ. ನಾ ಬಿಡಂಗಿಲ್ಲ," ಅಂದು ಇಟ್ಟೆ.

ಇಳಿಸಲ್ಲ. ಬರೆದಿಟ್ಟಿದ್ದೇನೆ. ಇಳಿಸಲ್ಲ.

೬ ಏಪ್ರಿಲ್, ಗುರುವಾರ

ಫ್ಯಾಕ್ಟರಿಗೆ ವಾರದ ರಜೆ. ಕಂಪನಿಯ ಮೆಕ್ಯಾನಿಕ್‌ನನ್ನು ಇವತ್ತೇ ಕರೆಸಿದೆ. ಬೆಳಿಗ್ಗೆಯೇ ಮೇಲೆ ಹೋಗಿ ಪ್ಯಾನೆಲ್ ಎರಡನ್ನೂ ಒದ್ದೆ ಬಟ್ಟೆಯಿಂದ ಒರೆಸಿದೆ. ಅವನು ಮೀಟರ್ ಹಚ್ಚಿದ, ವೈರ್ ಎಳೆದು ನೋಡಿದ, ಆಸಿಡ್ ಅಳೆದ. ಕಂಟ್ರೋಲರ್‌ನಲ್ಲಿ ಹಸಿರು ದೀಪ ಚೆನ್ನಾಗಿ ಉರಿಯುತ್ತಿದೆ. ಎಲ್ಲ ಓಕೆ ಮೇಡಂ, ಅಂದ. ಚಹಾ ಕುಡಿದ. ಹೋದ.

ಸಂಜೆ ದೀಪ ಕರೆಂಟ್ ಬರುವವರೆಗೂ ಉರಿಯಿತು! ಕೃಷ್ಣಾಬಾಯಿ ಕೈಮುಗಿದರು, ಗುರುವಾರ ದತ್ತನ ವಾರ, ಅವನ ಕೃಪೆ ಅಂತ. ಇರಲಿ ತಾಯಿ, ಉಳಿದ ವಾರ ಅವನಿಗೇನು ರಜೆಯೇ?

ಮನೆಯಲ್ಲಿ ನಮ್ಮ ಅತ್ತೆ ಮಾತ್ರ ನಗಲಿಲ್ಲ. ಅಡುಗೆಮನೆಗೆ ಹೋದರು.

೮ ಏಪ್ರಿಲ್, ಶನಿವಾರ

ನಿನ್ನೆ ಹೇಗೋ ದಾಟಿತು. ಇವತ್ತು ಮತ್ತೆ ಕುಂಯ್. ಅಳು ಬಂತು, ಸಿಟ್ಟಿಗೆ.

೧೦ ಏಪ್ರಿಲ್, ಸೋಮವಾರ

ಬಸ್ಸಿನಲ್ಲಿ ಹೊಳೆಯಿತು. ನಾನು ಮನೆಯಲ್ಲಿದ್ದ ದಿನ ಬ್ಯಾಟರಿ ತುಂಬುತ್ತದೆ. ಇಲ್ಲದ ದಿನ ಇಲ್ಲ. ಹಾಗಾದರೆ ನಾನು ಇಲ್ಲದಾಗ ಯಾರೋ ಕೈಯಾಡಿಸುತ್ತಾರೆ. ಟೆರೇಸಿನ ಬೀಗದ ಕೈ ಇರುವುದು ಎರಡೇ ಮನೆಯಲ್ಲಿ. ನಮ್ಮಲ್ಲಿ, ಚೇರ್ಮನ್ ಮನೆಯಲ್ಲಿ.

ಪ್ರಲ್ಹಾದರಾವ್! ಹಗಲು ವೈರ್ ಕಿತ್ತು ಸಂಜೆ ಜೋಡಿಸುತ್ತೀಯಾ? ಸಿಗು ನೀನು. ಬುಧವಾರ ಹಾಫ್ ಡೇ ಹಾಕುತ್ತೇನೆ. ಕೈಗೆ ಸಿಕ್ಕಿಬೀಳಬೇಕು.

೧೨ ಏಪ್ರಿಲ್, ಬುಧವಾರ, ಮಧ್ಯಾಹ್ನ

ನಗಬೇಕೋ ಸಿಟ್ಟಾಗಬೇಕೋ ತಿಳಿಯುತ್ತಿಲ್ಲ.

ಚಪ್ಪಲಿ ಕಳಚಿ, ಕೈಯಲ್ಲಿ ಕೊಡೆ ಹಿಡಿದು, ಸದ್ದಿಲ್ಲದೆ ಮೇಲೆ ಹೋದೆ. ಬಾಗಿಲು ತೆರೆದಿತ್ತು. ಪ್ರಲ್ಹಾದರಾವ್ ಇಲ್ಲ. ನೀರಿನ ಟ್ಯಾಂಕಿನ ನೆರಳಲ್ಲಿ ಅತ್ತೆ ಸಾವಂತ್ರವ್ವ ಮತ್ತು ಕೃಷ್ಣಾಬಾಯಿ, ಕಾಲು ಚಾಚಿ ಕೂತು ಹರಟುತ್ತಿದ್ದಾರೆ. ಇವರಿಗೆ ಮರಾಠಿ ಬಾರದು, ಅವರಿಗೆ ಕನ್ನಡ ಬಾರದು. ನಾಲ್ಕೂ ಮೂಲೆ ಬಿಗಿಯಾಗಿ ಕಟ್ಟಿದ ಹಳೇ ಇಳಕಲ್ ಸೀರೆ ನನ್ನ ಎರಡೂ ಪ್ಯಾನೆಲ್ ಮುಚ್ಚಿದೆ. ಅದರ ಮೇಲೆ ಸಾಲಾಗಿ ಕುರುಡಿಗೆ! ಗೋಧಿ ಹಾಲು ಕುದಿಸಿ, ಒತ್ತಿ, ಒಣಗಲು ಇಟ್ಟ ಸಂಡಿಗೆ.

"ಅತ್ಯಾರ! ಏನ್ರಿ ಇದು?"

"ಒಣಾ ಹಾಕೇವಲ್ಲ. ಗಾಜು ಭಾಳ ಕಾಯ್ತದ ನೋಡು, ಒಂದ ದಿನದಾಗ ಗರಿಗರಿ."

"ಕರೆಂಟ್ ಎಲ್ಲಿಂದ ಬರಬೇಕ್ರಿ?"

"ಕಾದ್ರ ಕರೆಂಟ್ ಬರ್ತದಲ್ಲ? ಅರಿವಿ ತೆಳ್ಳಗ ಅದ. ಕಾವು ಒಳಗ ಹೋಗೇ ಹೋಗ್ತದ."

ತಲೆ ಚಚ್ಚಿಕೊಂಡೆ. ಕಾವಲ್ಲ ಅತ್ಯಾರ, ಬೆಳಕು, ಬೆಳಕು! ಸೀರೆಯ ಗಂಟು ಬಿಚ್ಚಿ ಪಕ್ಕಕ್ಕೆ ಸರಿಸಿ, ಅತ್ತೆಯನ್ನು ಕೆಳಗೆ ಕರೆದೊಯ್ದು ಕಂಟ್ರೋಲರ್ ತೋರಿಸಿದೆ. ಬ್ಯಾಟರಿ ತುಂಬುವಾಗಷ್ಟೇ ಉರಿಯುವ ಹಸಿರು ದೀಪ ಈಗ ಮಿಣುಕುತ್ತಿತ್ತು. ಅತ್ತೆ ಬಗ್ಗಿ ಅದನ್ನೇ ನೋಡಿದರು.

"ಗುರುವಾರ ಯಾಕ ಹಾಕಲಿಲ್ಲ ಮತ್ತ?" ಕೇಳಿದೆ.

"ನೀ ದೇವರ ಫೋಟೋ ಒರಸಿದಂಗ ಅದನ್ನ ಒರಸ್ತಿ. ಬೈತಿ ಅಂತ."

ಆ ಮೆಕ್ಯಾನಿಕ್ ಬಂದ ದಿನವೇ, ಕುರುಡಿಗೆಯಿಂದಲೇ ಏನೋ ಅಂತ ಸಂಶಯ ಬಂದಿತ್ತಂತೆ ಅವರಿಗೆ. ಆದರೆ ಗೋಧಿ ನೆನೆಹಾಕಿಯಾಗಿತ್ತಂತೆ!

೧೩ ಏಪ್ರಿಲ್, ಗುರುವಾರ

ಬ್ಯಾಟರಿ ಫುಲ್. ಕೃಷ್ಣಾಬಾಯಿ ಮಧ್ಯಾಹ್ನ ಬಂದರು, ಸೆರಗು ಹಿಂಡುತ್ತ. ಮೀಟಿಂಗಿನಲ್ಲಿ ತನ್ನ ಹೆಸರು ಹೇಳಬೇಡ ಅಂದರು. ಮಗ ಕೂಗಾಡುತ್ತಾನೆ, ಟೆರೇಸಿಗೆ ಹೋಗುವುದನ್ನೇ ನಿಲ್ಲಿಸುತ್ತಾನೆ, ಇಡೀ ಹಗಲು ಟಿವಿ ಮುಂದೆ ಕೂರಿಸುತ್ತಾನೆ. ಸಾವಂತ್ರವ್ವನ ಜೊತೆ ಕೂರುವುದೊಂದೇ ತನಗಿರುವ ಸುಖವಂತೆ.

ಹೇಳಲ್ಲ, ಅಂದೆ. ಹೇಳದೆ ಹೇಗೆ ಗೆಲ್ಲಬೇಕೋ! ಏನು ಕೆಟ್ಟಿತ್ತು ಅಂತ ಪ್ರಲ್ಹಾದರಾವ್ ಕೇಳಿಯೇ ಕೇಳುತ್ತಾರೆ. ನನಗೆ ಗೊತ್ತಿಲ್ಲ ಅಂದರೆ, ನೋಡಿ, ಗೊತ್ತಿಲ್ಲದವಳ ಕೈಗೆ ಕೊಟ್ಟಿದ್ದೀರಿ ಅನ್ನುತ್ತಾರೆ.

ಅನ್ನಲಿ. ಮುದುಕಿಯನ್ನು ಮುಂದೆ ತಳ್ಳಿ ನಾನು ಗೆಲ್ಲಬೇಕಾಗಿಲ್ಲ.

೧೬ ಏಪ್ರಿಲ್, ಭಾನುವಾರ, ರಾತ್ರಿ

ರಜೆ ಹಾಕಿ ಇದ್ದೆ. ಕೆಳಗೆ ಪಾರ್ಕಿಂಗಿನಲ್ಲಿ ಮೀಟಿಂಗ್. ಪ್ರಲ್ಹಾದರಾವ್ ಠರಾವು ಬರೆದುಕೊಂಡೇ ಬಂದಿದ್ದರು. ಪ್ಯಾನೆಲ್ ಇಳಿಸಬೇಕು ಅಂತ. ಮೂರು ದಿನದಿಂದ ಉರಿಯುತ್ತಿದೆಯಲ್ಲ ಅಂದೆ. ಮೂರು ದಿನ ಯಾರು ಬೇಕಾದರೂ ಉರಿಸುತ್ತಾರೆ ಅಂದರು.

ಓದಲು ಶುರುಮಾಡಿದರು. ಕರೆಂಟ್ ಹೋಯಿತು. ಪಾರ್ಕಿಂಗ್ ಕಗ್ಗತ್ತಲು. ಮೆಟ್ಟಿಲ ಬಲ್ಬ್ ಮಾತ್ರ ಉರಿಯುತ್ತಿದೆ. ಅಕ್ಷರ ಕಾಣಲಿಲ್ಲ ಅವರಿಗೆ. ಕಾಗದ ಹಿಡಿದು ಮೆಟ್ಟಿಲ ಬುಡಕ್ಕೆ ಬಂದರು, ನನ್ನ ಬಲ್ಬಿನ ಕೆಳಗೇ ನಿಂತರು.

"ಓದಿ, ಬೆಳಕು ಸಾಕಲ್ಲ?" ಮರಾಠಿಯಲ್ಲೇ ಕೇಳಿದೆ. ಯಾರೋ ಕಿಸಕ್ಕೆಂದರು.

ಮುಖ ಕೆಂಪಾಯಿತು ಅವರದು. ಏನು ಕೆಟ್ಟಿತ್ತು, ಅದನ್ನು ಮೊದಲು ಹೇಳಿ ಅಂದರು. ನೆರಳು ಬಿದ್ದಿತ್ತು, ತೆಗೆದೆ ಅಂದೆ. ಯಾರ ನೆರಳು? ಯಾರದಾದರೇನು, ಈಗ ಇಲ್ಲ ಅಂದೆ. ನೋಡಿದಿರಾ, ಇವರಿಗೇ ಗೊತ್ತಿಲ್ಲ, ಅಂತ ಎಲ್ಲರ ಕಡೆ ತಿರುಗಿದರು.

ಅತ್ತೆ ಎದ್ದರು. ಅಚ್ಚ ಬೈಲಹೊಂಗಲದ ಕನ್ನಡದಲ್ಲಿ:

"ಬರಕೋರಿ ನನ್ನ ಹೆಸರು. ಸಾವಂತ್ರವ್ವ. ಮ್ಯಾಲ ಕುರುಡಿಗಿ ಹಾಕಿದಾಕಿ ನಾ. ಮಷೀನ್ ಚಲೋ ಅದ. ನನ್ನ ಸೊಸಿ ಇನ್ನೂ ಚಲೋ ಇದ್ದಾಳ."

ಹದಿನಾರು ವರ್ಷದ ಸಂಸಾರದಲ್ಲಿ ಈ ಮಾತು ಕೇಳಿರಲಿಲ್ಲ.

ಕುರುಡಿಗಿ ಅನ್ನುವ ಮಾತು ಒಂದು ಸಾಕಾಯಿತು ಕನ್ನಡ ಬಾರದ ಕೃಷ್ಣಾಬಾಯಿಗೆ. ಕಂಬಿ ಹಿಡಿದು ಎದ್ದು ನಿಂತರು. "ಮೀ ಪಣ!" ನಾನೂ ಹಾಕಿದ್ದೇನೆ ಅಂದರು. ಮಗ ಬಾಯಿ ತೆರೆದ. "ಪ್ರಲ್ಹಾದ, ಗಪ್ ಬಸ್!" ಸುಮ್ಮನೆ ಕೂರು ಅಂತ ಗದರಿದರು. ದಿನಾ ಊಟಕ್ಕೆ ಕುರುಕುರು ತಿಂದವನು ನೀನೇ, ಈ ದೀಪ ತೆಗೆದರೆ ನಾನು ಮೆಟ್ಟಿಲು ಹತ್ತುವುದು ಹೇಗೆ, ನೀನು ಹೊತ್ತುಕೊಂಡು ಹೋಗುತ್ತೀಯಾ ಅಂತ ಕೇಳಿದರು. ಮಗನ ಕೈ ಹಿಡಿಯದೆ ಒಬ್ಬರೇ ಮೆಟ್ಟಿಲು ಹತ್ತಿ ಹೋದರು. ಇಡೀ ಸೊಸೈಟಿ ನೋಡುತ್ತಿತ್ತು. ಪ್ರಲ್ಹಾದರಾವ್ ಕಾಗದ ಮಡಚಿ ಜೇಬಿಗೆ ಹಾಕಿಕೊಂಡರು.

ಪ್ಯಾನೆಲ್ ಅಲ್ಲೇ ಇರುತ್ತದೆ. ಅಲ್ಲೇ!

ನಾಳೆ ಅತ್ತೆಯವರಿಗೆ ಟೆರೇಸಿನ ಆ ಮೂಲೆಯಲ್ಲಿ ಹಳೇ ಮಂಚ ಹಾಕಿಕೊಡಬೇಕು. ಅದರ ಮೇಲೆ ತಗಡು ಹಾಸಿದರೆ ಗಾಜಿನಷ್ಟೇ ಕಾಯುತ್ತದೆ. ಅತ್ತೆಗೆ ನಂಬಿಕೆಯಿಲ್ಲ, ಗಾಜಿನ ರುಚಿ ಬರೋದಿಲ್ಲ ಅನ್ನುತ್ತಿದ್ದಾರೆ.

ಬಾಗಿಲ ಬೆಲ್ಲು ಬಡಿಯಿತು. ಅದನ್ನೂ ಸೋಲಾರ್‌ಗೆ ಜೋಡಿಸಿದ್ದೇನೆ, ಕತ್ತಲಲ್ಲೂ ಬಡಿಯುತ್ತದೆ. ಕಿಂಡಿಯಲ್ಲಿ ನೋಡಿದೆ... ಪ್ರಲ್ಹಾದರಾವ್. ಕೈಯಲ್ಲಿ ತಟ್ಟೆ, ತಟ್ಟೆ ತುಂಬ ಕರಿದ ಕುರುಡಿಗೆ. ತಾಯಿ ಕಳಿಸಿರಬೇಕು. ಸ್ವಲ್ಪ ಹೊತ್ತು ನಿಲ್ಲಲಿ ಅಲ್ಲೇ. ನಾನೇನು ಓಡಿಹೋಗಿ ಬಾಗಿಲು ತೆಗೆಯಬೇಕಾಗಿಲ್ಲ, ಇದನ್ನು ಬರೆದು ಮುಗಿಸಿಯೇ ತೆಗೆಯುತ್ತೇನೆ.